ಬಲಕ್ಕೆ ತಿರುಗಿದರೆ ಹೊಳೆ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೇಟಿನ ಬಳಿ ನಿಂತಿದ್ದೆ. ಪಕ್ಕದ ಮನೆಯ ಕಿಟಕಿಯಿಂದ ಎಳ್ಳು ಹುರಿಯುವ ವಾಸನೆ ಬಂತು. ನಾಳೆ ಸಂಕ್ರಾಂತಿಯಲ್ಲವೇ. ಬೆಂಗಳೂರಿನ ನಮ್ಮ ಇಟ್ಟಮಡುವಿನಲ್ಲಿ ಗಾಳಿ ಯಾರ ಸ್ವತ್ತು ಎಂಬ ವ್ಯಾಜ್ಯ ವರ್ಷವಿಡೀ ಬೇಕರಿಗೂ ರಾಜಕಾಲುವೆಗೂ ನಡೆದೇ ಇರುತ್ತದೆ. ನಮ್ಮ ಗೇಟಿನಿಂದ ಬಲಕ್ಕೆ ತಿರುಗಿ ನಾಲ್ಕು ಮನೆ ದಾಟಿದರೆ ಈ ಕಾಲುವೆ. ಹೆಸರಿಗೆ ರಾಜ, ಮೈಯೆಲ್ಲ ಚರಂಡಿ. ಬಹುಪಾಲು ದಿನ ಅದೇ ಗೆಲ್ಲುತ್ತದೆ. ಇವತ್ತು ಮಾತ್ರ ಎಳ್ಳು ಇಬ್ಬರನ್ನೂ ಸೋಲಿಸಿತ್ತು.

ಎಳ್ಳಿನ ವಾಸನೆಗೆ ನಿಮಗೆ ಸಕ್ಕರೆ ಅಚ್ಚು ನೆನಪಾಗಬಹುದು, ಕಬ್ಬಿನ ಜಲ್ಲೆ ನೆನಪಾಗಬಹುದು, ಹೊಸ ಬಟ್ಟೆ ಹಾಕಿಕೊಂಡು ಮನೆಮನೆಗೆ ಎಳ್ಳು ಬೀರಲು ಹೋದದ್ದು ನೆನಪಾಗಬಹುದು. ನನಗೆ ಸೈಕಲ್ ನೆನಪಾಗುತ್ತದೆ. ಸೈಕಲ್ಲಿನ ಹಿಂದೆಯೇ ಶಾಂತವ್ವ, ಶಾಂತವ್ವನ ಹಿಂದೆಯೇ ಒಂದು ಹೊಳೆ. ನಗಬೇಡಿ, ಹೇಳುತ್ತೇನೆ. ಕಾಫಿ ಇನ್ನೂ ಮುಗಿದಿಲ್ಲ.

ಶಾಂತವ್ವ ನಮ್ಮ ಮೇಲಿನ ಪೋರ್ಷನ್ನಿಗೆ ಬಾಡಿಗೆಗೆ ಬಂದವಳು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಗಂಡನಿಗೆ ಆಫೀಸೊಂದರಲ್ಲಿ ಲಿಫ್ಟು, ಜನರೇಟರು ನೋಡಿಕೊಳ್ಳುವ ಕೆಲಸ. ಮೊದಲು ಬಿಟಿಎಂ ಲೇಔಟಿನ ಒಂದು ರೂಮಿನಲ್ಲಿದ್ದರಂತೆ. ಅದಕ್ಕೂ ಮುಂಚೆ ಗದಗದ ಕಡೆ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಗೂಡ್ಸ್ ಆಟೊದಲ್ಲಿ ಸಾಮಾನು ಬಂದಾಗ ಎಲ್ಲಕ್ಕಿಂತ ಮೇಲೆ, ಮೆರವಣಿಗೆಯ ದೇವರಂತೆ, ಒಂದು ಲೇಡೀಸ್ ಸೈಕಲ್ ಕೂತಿತ್ತು. ಮನೆ ತೋರಿಸುವಾಗ ನಾನು ನೀರು, ಕರೆಂಟು, ಸೋಲಾರು ಎಲ್ಲವನ್ನೂ ವರ್ಣಿಸಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ಎಲ್ಲಾ ಛಲೋ ಐತ್ರಿ ಅಕ್ಕಾರ. ನಿಮ್ಮೂರಾಗ ಹೊಳಿ ಎಲ್ಲೈತ್ರಿ?”

ಈ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ನನಗೆ ಯಾರೂ ಕೇಳಿರಲಿಲ್ಲ. ಪಾರ್ಕಿಂಗ್ ಎಲ್ಲಿ ಎಂದು ಕೇಳಿದ್ದಾರೆ, ಮೆಟ್ರೊ ಎಷ್ಟು ದೂರ ಎಂದು ಕೇಳಿದ್ದಾರೆ. ನಾನು ಊರಿನ ಮಾನ ಉಳಿಸಲು, “ಕೆರೆಗಳಿವೆಯಲ್ಲಮ್ಮ” ಎಂದೆ.

“ಕೆರಿ ನಿಂತ ನೀರ್ರಿ. ಹೊಳಿ ಅಂದ್ರ ಹೋಗತಿರಬೇಕು.”

“ಕಾವೇರಿ ಬರ್ತಾಳಲ್ಲ, ನಲ್ಲೀಲಿ.”

“ದಿನಾ ಬರತಾಳೇನ್ರಿ?”

“ದಿನ ಬಿಟ್ಟು ದಿನ,” ಎಂದೆ. ಅವಳು ತಲೆಯಾಡಿಸಿ ಅಡ್ವಾನ್ಸ್ ಕೊಟ್ಟಳು. ನನಗೇಕೋ ಮುಖಭಂಗವಾದಂತಾಯಿತು.

ಆ ಮೊದಲ ಸಂಕ್ರಾಂತಿಗೆ ಎಳ್ಳುಬೆಲ್ಲದ ತಟ್ಟೆ ಹಿಡಿದು ಮೇಲೆ ಹೋದರೆ ಮನೆಗೆ ಬೀಗ. ಟೆರೇಸಿನಿಂದ ಮಾತು ಕೇಳಿಸಿತು. ಹತ್ತಿ ನೋಡುತ್ತೇನೆ, ಗಂಡ ಹೆಂಡತಿ ಜಮಖಾನ ಹಾಸಿಕೊಂಡು ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮೊಸರನ್ನ, ಒಂದು ಮದುವೆಗಾಗುವಷ್ಟು ಅಡುಗೆ. ಟ್ಯಾಂಕಿನ ಓವರ್‌ಫ್ಲೋ ಪೈಪಿಗೆ ಅರಿಶಿನ, ಕುಂಕುಮ. ಪೈಪಿನ ಕೆಳಗೆ ಎಲೆಯ ತುಂಡೊಂದರಲ್ಲಿ ಎಲ್ಲ ಅಡುಗೆಯೂ ಸ್ವಲ್ಪ ಸ್ವಲ್ಪ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳೂ ನಕ್ಕಳು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗ ನನಗೆ ನಗು ನಿಂತಿತು.

ಅವರ ಕಡೆ ಸಂಕ್ರಮಣವೆಂದರೆ ಹೊಳೆಗೆ ಹೋಗುವುದಂತೆ. ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೋಗಿ, ಅರೆದ ಎಳ್ಳು ಮೈಗೆ ಹಚ್ಚಿಕೊಂಡು ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚುವುದು. ಮೊದಲ ಎಡೆ ಹೊಳೆಗೆ, ಗಂಗವ್ವನಿಗೆ. ಆಮೇಲೆ ಉಳಿದವರು.

“ಹೊಳಿಗೆ ಉಣಿಸದ ಉಂಡ್ರ ನನಗ ಉಂಡಂಗ ಆಗೂದಿಲ್ರಿ ಅಕ್ಕಾರ. ಬೆಂಗಳೂರಿಗೆ ಬಂದಾಗಿಂದ ಹಂಗ ಹಸಕೊಂಡ ಅದೀನಿ ಅನಸತೈತಿ,” ಎಂದಳು.

ನನಗೆ ಮೊದಲಿಂದಲೂ ಒಂದು ಕೆಟ್ಟ ಚಾಳಿ. ಹಿಂದುಮುಂದು ನೋಡದೆ ಮಾತು ಕೊಟ್ಟುಬಿಡುತ್ತೇನೆ. “ಬರೋ ವರ್ಷದ ಹಬ್ಬಕ್ಕೆ ನಿನ್ನನ್ನ ಹೊಳೆ ದಂಡೇಲಿ ಕೂರಿಸಿ ಊಟ ಮಾಡಿಸ್ತೀನಿ, ನೋಡ್ತಿರು” ಎಂದೆ. ಕೆಳಗಿಳಿದು ಬಂದ ಮೇಲೆ ನಮ್ಮ ಯಜಮಾನರು, “ಒಂದು ಕಾರ್ ಮಾಡ್ಕೊಂಡು ಹೋಗಿ ಬನ್ನಿ” ಎಂದು ಎರಡು ನಿಮಿಷದಲ್ಲಿ ಪರಿಹಾರ ಹೇಳಿದರು. ಆದರೆ ಶಾಂತವ್ವನಿಗೆ ಕಾರು ಆಗದು. ಬಾಗಿಲು ಹಾಕುವ ಸದ್ದಿಗೇ ಹೊಟ್ಟೆ ತೊಳಸುತ್ತದಂತೆ. ಬಸ್ಸಿನಲ್ಲಿ ಇನ್ನೂ ಫಜೀತಿ. “ಹೊಳಿಗೆ ವಾಂತಿ ಮಾಡಕೋತ ಹೋಗೂದೇನ್ರಿ?” ಎಂದು ಅವಳು ಕೇಳಿದ್ದೂ ನ್ಯಾಯವೇ. ಉಳಿದದ್ದು ಸೈಕಲ್. ಅವಳಿಗೆ ಬರುತ್ತಿತ್ತು. ಐವತ್ತು ದಾಟಿದ ನನಗೆ ಬರುತ್ತಿರಲಿಲ್ಲ.

ನನಗೂ ಒಂದು ಸೈಕಲ್ ಕೊಂಡು ಕಲಿತೆ. ಅದನ್ನು ಕಲಿಕೆ ಎಂದು ಕರೆಯುವುದು ನನ್ನ ದೊಡ್ಡತನ. ಬನಶಂಕರಿ ಮೂರನೇ ಹಂತದ ರಸ್ತೆಗಳಲ್ಲಿ ಹಾಲಿನ ವ್ಯಾನಿಗಿಂತ ಮುಂಚೆ ಶಾಂತವ್ವ ಸೀಟು ಹಿಡಿದು ಓಡುತ್ತಿದ್ದಳು, ನಾನು “ಬಿಡಬೇಡ, ಬಿಡಬೇಡ” ಎನ್ನುತ್ತ ಸಾಗುತ್ತಿದ್ದೆ. ಅವಳು ಎಂದೋ ಬಿಟ್ಟಿದ್ದಳು. ನೆಟ್ಟಗೆ ಹೋಗುವುದು ಬಂತು. ನಿಲ್ಲಿಸುವುದು ಬಂತು. ಎಡಕ್ಕೆ ತಿರುಗುವುದೂ ಬಂತು. ಬಲಕ್ಕೆ ತಿರುಗುವುದು ಮಾತ್ರ ಜಪ್ಪಯ್ಯ ಎಂದರೂ ಬರಲಿಲ್ಲ. ಬಲಕ್ಕೆ ತಿರುಗಬೇಕಾದರೆ ಭುಜದ ಮೇಲಿಂದ ಹಿಂದೆ ಯಾರು ಬರುತ್ತಿದ್ದಾರೆಂದು ನೋಡಬೇಕು. ನಾನು ಹಿಂದೆ ನೋಡಿದರೆ ಹ್ಯಾಂಡಲ್ಲೂ ನನ್ನ ಜೊತೆ ಹಿಂದೆ ನೋಡುತ್ತಿತ್ತು. ಇಳಿದು ತಳ್ಳಿಕೊಂಡು ತಿರುಗೋಣವೆಂದರೆ ಮತ್ತೆ ಹತ್ತಲು ನನಗೆ ಫುಟ್‌ಪಾತಿನ ಅಂಚು ಬೇಕು.

ಇದಕ್ಕೆ ನಮ್ಮ ಬಡಾವಣೆಯ ನಕ್ಷೆಯೂ ಕಾರಣ. ಚೌಕ ಚೌಕವಾದ ರಸ್ತೆಗಳು. ಗೇಟಿನಿಂದ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ, ಇನ್ನೊಮ್ಮೆ ಎಡಕ್ಕೆ ತಿರುಗಿದರೆ ಮನೆ ತಾನಾಗಿ ಬರುತ್ತದೆ. ಬಲಗಡೆ ಹೇಗೂ ಮೂಗು ಮುಚ್ಚಿಕೊಳ್ಳುವ ಕಾಲುವೆ, ಅತ್ತ ಯಾರಿಗೆ ಬೇಕು? ನಾನು ಆರಾಮಾಗಿದ್ದೆ. ಒಂದು ದಿನ ಮೂಲೆಯ ಗಣಪತಿ ಗುಡಿಯ ಅರ್ಚಕರು ಅಡ್ಡ ನಿಂತರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ದಿನಾ ಬೆಳಗ್ಗೆ ದೇವರಿಗೆ ಅಪ್ರದಕ್ಷಿಣೆ ಹಾಕ್ತಾ ಇದ್ದೀರಿ. ಒಂದು ಸಲ ಆ ಕಡೆಯಿಂದ ಬರಬಾರದೇ?” ಎಂದರು. ಗುಡಿ ಸದಾ ನನ್ನ ಎಡಕ್ಕೇ ಇರುತ್ತಿತ್ತು, ನೋಡಿ. ವಿಘ್ನೇಶ್ವರನಿಗೇ ಸುತ್ತು ತಪ್ಪಿಸಿದ ಮೇಲೆ ವಿಘ್ನ ಬರದೆ ಇರುತ್ತದೆಯೇ?

ಭಾನುವಾರಗಳಲ್ಲಿ ನಾವು ಊರು ದಾಟಿ ಹೋಗತೊಡಗಿದೆವು. ತಲಘಟ್ಟಪುರದ ಆಚೆ, ಕೆಂಗೇರಿಯ ಹಿಂದೆ, ಹೆಸರು ಗೊತ್ತಿಲ್ಲದ ದಾರಿಗಳು. ಬಲಕ್ಕೆ ತಿರುಗಲೇಬೇಕಾದಲ್ಲಿ ಇಳಿದು, ಹತ್ತಲು ಒಂದು ಕಟ್ಟೆಯೋ ಕಲ್ಲೋ ಸಿಗುವವರೆಗೆ ತಳ್ಳುತ್ತಿದ್ದೆ. ಯಾವ ದಾರಿ ಹಿಡಿಯಬೇಕು ಎಂಬುದಕ್ಕೆ ಶಾಂತವ್ವನದು ಒಂದೇ ಲೆಕ್ಕ. ನಡುರಸ್ತೆಯಲ್ಲಿ ನಾಯಿ ನಿರಾಳವಾಗಿ ಮಲಗಿದ್ದರೆ ಅದು ನಮ್ಮ ರಸ್ತೆ. ನಾಯಿ ಅಂಚಿನಲ್ಲಿ ಮಲಗಿದ್ದರೆ ಅದು ಲಾರಿಯ ರಸ್ತೆ. ನೀವೂ ಬೇಕಾದರೆ ಪರೀಕ್ಷಿಸಿ, ಫೋನಿನ ಮ್ಯಾಪಿಗಿಂತ ನಂಬಬಹುದು. ಅಂಥ ದಾರಿಯಲ್ಲಿ ಸೈಕಲ್ ತುಳಿಯುವುದಿದೆಯಲ್ಲ, ಅದೊಂದು ಸುಖ. ಹಿಂದಿನಿಂದ ಹಾರ್ನ್ ಮಾಡುವವರಿಲ್ಲ. ನಮ್ಮ ಚೈನಿನ ಸದ್ದು ನಮಗೇ ಕೇಳುತ್ತದೆ. ಎದುರಿಗೆ ಬಂದವರು ಯಾರೇ ಆಗಲಿ “ಎಲ್ಲಿಗೆ?” ಎಂದು ಕೇಳದೆ ಮುಂದೆ ಹೋಗುವುದಿಲ್ಲ. ಊರಿನಲ್ಲಿ ನನ್ನನ್ನು ಯಾರಾದರೂ ಎಲ್ಲಿಗೆಂದು ಕೇಳಿ ಎಷ್ಟು ಕಾಲವಾಗಿತ್ತೋ.

ಹಬ್ಬ ಹತ್ತಿರ ಬಂತು. ಮಾತು ಕೊಟ್ಟವಳು ನಾನು, ಹೊಳೆ ಹುಡುಕಬೇಕಾದವಳೂ ನಾನೇ. ಯಜಮಾನರ ಫೋನಿನಲ್ಲಿ ಮ್ಯಾಪ್ ಹಿಗ್ಗಿಸಿ ನೋಡುತ್ತ ಹೋದೆ. ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಬಳಿ, ಎಡಗಡೆ, ಒಂದು ನೀಲಿ ಗೆರೆ ಕಂಡಿತು. ಎಡಕ್ಕೇ ಸಿಗುವ ನದಿ! ಅಂಥ ನದಿ ಜಗತ್ತಿನಲ್ಲಿ ನನಗೋಸ್ಕರವೇ ಹರಿಯುತ್ತಿದೆ ಎನ್ನಿಸಿತು. ಹೆಸರು ಓದಲು ಕನ್ನಡಕ ಬೇಕಿತ್ತು. ಕನ್ನಡಕ ಒಳಗಿತ್ತು. ಹೆಸರು ಏನಾದರೇನು, ನೀಲಿಯಿದೆಯಲ್ಲ ಎಂದು ಫೋನ್ ಕೊಟ್ಟುಬಿಟ್ಟೆ.

ಹಬ್ಬದ ದಿನ ಶಾಂತವ್ವನ ಗಂಡನಿಗೆ ಡ್ಯೂಟಿ, ನಮ್ಮ ಮನೆಗೆ ನೆಂಟರು. ಹಾಗಾಗಿ ಹಿಂದಿನ ದಿನವೇ, ಭೋಗಿಯಂದು ಹೊರಟೆವು. “ಹೊಳಿ ಏನ್ ಪಂಚಾಂಗ ನೋಡತೈತೇನ್ರಿ?” ಎಂದಳು. ಬುತ್ತಿ ಅವಳ ಕ್ಯಾರಿಯರಿಗೆ ಕಟ್ಟಿತ್ತು, ಜಮಖಾನ ನನ್ನದಕ್ಕೆ. ಸರ್ವಿಸ್ ರೋಡಿನ ಅಂಚಿನಲ್ಲೇ ಸಾಗಿ, ಕುಂಬಳಗೋಡು ದಾಟಿ, ಎಡಕ್ಕೆ ತಿರುಗಿದೆವು. ನಡುರಸ್ತೆಯಲ್ಲೊಂದು ನಾಯಿ ಮಲಗಿತ್ತು. ಎರಡೂ ಕಡೆ ಇಳಿಜಾರು, ರಾಗಿ ಮೆದೆಗಳು, ಹುಣಸೆ ಮರಗಳು. ಕಣಿವೆಗೆ ಇಳಿಯುವಾಗ ಪೆಡಲು ಮುಟ್ಟುವ ಅಗತ್ಯವೇ ಇರಲಿಲ್ಲ. ನಾನು ಹಾಡುತ್ತಿದ್ದೆನೆಂದು ಕಾಣುತ್ತದೆ.

ಅರ್ಧ ಇಳಿದ ಮೇಲೆ ಶಾಂತವ್ವ ಬ್ರೇಕ್ ಹಿಡಿದಳು.

“ಅಕ್ಕಾರ, ಈ ವಾಸನಿ ನನಗ ಗೊತ್ತೈತ್ರಿ.”

ನಾನು ಗಾಳಿ ಎಳೆದುಕೊಂಡೆ. ನನಗೂ ಗೊತ್ತಿತ್ತು.

“ನಮ್ಮ ಗೇಟಿನ ಬಲಗಡೆದು,” ಎಂದಳು.

ಕೆಳಗೆ ಹೊಳೆ ಹರಿಯುತ್ತಿತ್ತು. ಕಪ್ಪಗೆ, ಅದರ ಮೇಲೆ ಬೆಳ್ಳನೆ ನೊರೆ. ಅದು ವೃಷಭಾವತಿ. ನಮ್ಮ ಇಟ್ಟಮಡುವಿನ ಕಾಲುವೆ, ಅದರ ಅಕ್ಕತಂಗಿಯರಂಥ ಇನ್ನೆಷ್ಟೋ ಕಾಲುವೆಗಳು, ಎಲ್ಲವೂ ಸೇರಿ ಬಂದು ಇಲ್ಲಿ ನದಿಯೆಂದು ಹರಿಯುತ್ತಿದ್ದವು. ನಾನು ನಾಚಿ ನೀರಾದೆ. ನೀರಾಗುವುದಾದರೂ ಇಂಥ ನೀರಾಗಬೇಕೇ ಅನ್ನಿಸಿತು. ಒಂದು ವರ್ಷ ಬಡಾಯಿ ಕೊಚ್ಚಿ, ಇಷ್ಟು ದೂರ ಬೆವರು ಸುರಿಸಿ, ಅವಳನ್ನು ನಮ್ಮ ಬಚ್ಚಲಿನ ಬಾಯಿಗೇ ಕರೆದುಕೊಂಡು ಬಂದಿದ್ದೆ.

ಶಾಂತವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. “ನಾವು ನಸಿಕಿನ್ಯಾಗ ಎದ್ದು ಬಂದ್ವಿ. ಇಕಿ ನೋಡ್ರಿ, ನಮಗಿಂತ ಮದ್ಲ ಬಂದು ಮುಂದ ಹೊಂಟಾಳ,” ಎಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಆಮೇಲೆ ಅವಳು ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ಕ್ಯಾರಿಯರಿನಿಂದ ಬುತ್ತಿ ಬಿಚ್ಚಿದಳು. ಬಾಳೆ ಎಲೆಯ ತುಂಡು ಹರಿದು ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಮೊಸರನ್ನ, ಒಂದೊಂದೂ ಚೂರು ಚೂರು ಇಟ್ಟಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕಲ್ಲು ಹಿಡಿದು ಇಳಿಯತೊಡಗಿದಳು.

“ಏಯ್, ಇದಕ್ಕಾ? ಇದು ಚರಂಡಿ ಕಣೇ!”

“ಹೋಗತಾಳಲ್ರಿ, ನಿಂತಿಲ್ಲ. ಹೊಳಿನ ಅದಾಳ. ಹೊಲಸ ಆಗಿದ್ದು ನಮ್ಮ ಸಲುವಾಗಿ. ಇಕಿಗೆ ಯಾರೂ ಉಣಿಸಿರೂದಿಲ್ಲ. ಹಸದಿರತಾಳ.”

ನೊರೆಯ ಅಂಚಿಗೆ ಎಲೆ ಬಿಟ್ಟು, ಕೈ ಮುಗಿದು ಮೇಲೆ ಬಂದಳು. ಎಲೆ ಒಂದು ಸುತ್ತು ಸುತ್ತಿ ಹೊರಟುಹೋಯಿತು. ಅದು ನೊರೆಯಲ್ಲಿ ಮರೆಯಾಗುವವರೆಗೆ ನಾನು ನೋಡಿದೆ.

ಆದರೆ ಊಟ? ಆ ದಂಡೆಯಲ್ಲಿ ಮೀಯುವುದಂತೂ ಆಗದು, ಕೂತು ಉಣ್ಣುವುದೂ ಆಗದು. “ಬಿಡ್ರಿ, ಮನಿಗೆ ಹೋಗಿ ಟ್ಯಾಂಕಿನ ಕಡೆ ಉಂಡರಾತು,” ಎಂದಳು. ಟ್ಯಾಂಕು ಎಂದದ್ದೇ ನನಗೆ ಚುರುಕ್ಕೆಂದಿತು. ಮಾತು ಕೊಟ್ಟಿದ್ದೆನಲ್ಲ. ತಲೆ ತಗ್ಗಿಸಿ ಸೈಕಲ್ ತಳ್ಳುತ್ತ ಇನ್ನೊಂದು ದಾರಿಯಿಂದ ದಿಬ್ಬ ಹತ್ತಿದೆವು.

ಮೇಲಿನ ಊರಿನ ಬಳಿ ರಸ್ತೆಯ ತುಂಬ ಹುರುಳಿ ಹರಡಿದ್ದರು. ನಿಮಗೆ ಗೊತ್ತಲ್ಲ, ಹಳ್ಳಿಗಳಲ್ಲಿ ಈಗ ಕಣ ಮಾಡುವವರು ಕಡಿಮೆ. ಕೊಯ್ದದ್ದನ್ನು ಟಾರ್ ರಸ್ತೆಗೆ ಹರಡುತ್ತಾರೆ, ಬಸ್ಸು ಲಾರಿ ಹಾಯ್ದು ಕಾಳು ಉದುರುತ್ತದೆ. ಹುರುಳಿಯ ಪಕ್ಕದಲ್ಲಿ ಕವೆಗೋಲು ಹಿಡಿದ ಹೆಂಗಸೊಬ್ಬಳು ಸಿಡಿಮಿಡಿಗುಟ್ಟುತ್ತ ಕೂತಿದ್ದಳು. ಹೆಸರು ಕೆಂಪಮ್ಮ.

“ಬೆಳಿಗ್ಗಿಂದ ಕುಂತಿವ್ನಿ, ಒಂದು ಗಾಡಿ ಬರಾಕಿಲ್ಲ. ನಾಳೆ ಹಬ್ಬ, ಇವತ್ತೇ ಎತ್ಬೇಕು. ಈ ರೋಡು ಯಾಕಾದ್ರೂ ಮಾಡವ್ರೋ,” ಎಂದಳು. ನಾವು ಹುಡುಕಿ ಹುಡುಕಿ ಬಂದ ನಿರ್ಜನ ರಸ್ತೆ ಅವಳ ಪಾಲಿಗೆ ಶಾಪವಾಗಿತ್ತು.

ಶಾಂತವ್ವ ನಮ್ಮ ಕಥೆ ಹೇಳಿ, ಬೇರೆ ಹೊಳೆ ಉಂಟೇ ಎಂದು ಕೇಳಿದಳು.

“ಒಳ್ಳೆ ಹೊಳೆ ಬೇಕಾ? ಐತೆ. ಅರ್ಕಾವತಿ. ಮೈನ್ ರೋಡ್ ದಾಟಿ ಆ ಕಡೆಗೋಗಿ, ದೊಡ್ಡಾಲದ ಮರದ ದಾರಿ. ಆಮ್ಯಾಕೆ ಮಂಚನಬೆಲೆ ಕಡೆ ಬಲಕ್ಕೆ ತಿರೀಕಳಿ, ಎಲ್ಲಿ ಕವಲು ಬಂದ್ರೂ ಬಲಕ್ಕೇ,” ಎಂದಳು. ಎಡಕ್ಕೆ ಯಾವುದೂ ಇಲ್ಲವೇ ಎಂದು ಕೇಳಿದೆ. ಕೆಂಪಮ್ಮ ನಮ್ಮ ಚಕ್ರಗಳನ್ನು ನೋಡಿದಳು. “ದಾರಿ ಏಳಿವ್ನಿ, ಸುಮ್ಕೆ ಓಗ್ಬ್ಯಾಡಿ. ನಾಕು ಸುತ್ತು ತುಳೀರವ್ವ. ತೂಕವಾಗಿ ಇದ್ದೀರಿ, ಉದುರ್ತದೆ.” ಕೊನೆಯ ಮಾತು ನನ್ನನ್ನು ನೋಡಿ ಹೇಳಿದ್ದು.

ತುಳಿದೆವು. ಹುರುಳಿಯ ಮೇಲೆ ಸೈಕಲ್ ಪಟಪಟ ಎನ್ನುತ್ತಿತ್ತು. ಶಾಂತವ್ವ ಎಂಟು ಬರೆದಂತೆ ಓಡಾಡುತ್ತಿದ್ದಳು. ನಾನು ನನ್ನ ಪದ್ಧತಿಯಂತೆ ಎಡಕ್ಕೆ, ಎಡಕ್ಕೆ, ಎಡಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಕೆಂಪಮ್ಮ ಕವೆಗೋಲು ನೆಲಕ್ಕೆ ಕುಟ್ಟಿದಳು.

“ಇದೇನವ್ವ, ಗಾಣದೆತ್ತಿನಂಗೆ? ಒಂದೇ ಕಡೆ ತುಳಿದ್ರೆ ಆ ಕಡೇದು ಯಾರು ಉದುರಿಸ್ತಾರೆ? ಬಲಕ್ಕೂ ತಿರೀಕೊ.”

“ನನಗೆ ಬರಲ್ಲಮ್ಮ, ಬಿದ್ದೋಗ್ತೀನಿ.”

“ಬೀಳು. ಮೆತ್ತಗೈತಲ್ಲ.”

ಇಷ್ಟು ಸರಳವಾದ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಬಲಕ್ಕೆ ತಿರುಗಿಸಿದೆ, ಬಿದ್ದೆ. ಹುರುಳಿ ಸೊಪ್ಪಿನ ರಾಶಿಯಲ್ಲಿ ಮೊಣಕಾಲು ಕೂಡ ತರಚಲಿಲ್ಲ. ಎದ್ದು ಮತ್ತೆ ತಿರುಗಿಸಿದೆ, ಮತ್ತೆ ಬಿದ್ದೆ. ಕೆಂಪಮ್ಮ, “ಬೀಳು, ಬೀಳು, ಚೆನ್ನಾಗಿ ಉದುರ್ತಾ ಐತೆ” ಎಂದು ಹುರಿದುಂಬಿಸಿದಳು. ಹತ್ತಲು ಫುಟ್‌ಪಾತು ಬೇಕೆಂಬುದೂ ಆ ಗಡಿಬಿಡಿಯಲ್ಲಿ ಮರೆತುಹೋಯಿತು. ಎಷ್ಟು ಸಲ ಬಿದ್ದೆನೋ, ಒಂದು ಸಲ ಬೀಳಲಿಲ್ಲ. ಭುಜದ ಮೇಲಿಂದ ಹಿಂದೆ ನೋಡಿದೆ. ಶಾಂತವ್ವನ ಮುಖ ಕಂಡಿತು. ಹ್ಯಾಂಡಲ್ ಮುಂದೆಯೇ ನೋಡುತ್ತಿತ್ತು. ತಿರುಗಿದೆ. ಬಲಕ್ಕೆ!

ಮೈಸೂರು ರಸ್ತೆಯನ್ನು ಮಾತ್ರ ಇಳಿದು ತಳ್ಳಿಕೊಂಡೇ ದಾಟಿದೆವು, ಶೌರ್ಯಕ್ಕೂ ಮಿತಿಯಿದೆ. ಆಚೆಗೆ ಮತ್ತೆ ನಡುರಸ್ತೆಯಲ್ಲಿ ನಾಯಿ ಮಲಗುವ ದಾರಿಗಳು ಸಿಕ್ಕವು. ಕವಲು ಬಂದಾಗಲೆಲ್ಲ ನಾನು ಮುಂದೆ, ಕೈ ಚಾಚಿ, ಹಿಂದೆ ಯಾರೂ ಇಲ್ಲದಿದ್ದರೂ ತಿರುಗಿ ನೋಡಿ, ಬಲಕ್ಕೆ. ಗುಡ್ಡಗಳು ದೂರ ಸರಿದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂಡೆಗಳ ನಡುವೆ ಅರ್ಕಾವತಿ ಕಂಡಳು. ಮೊಣಕಾಲುದ್ದ ನೀರು, ತಳದ ಮರಳು ಕಾಣುತ್ತಿತ್ತು, ಸಣ್ಣ ಮೀನುಗಳು ಅಡ್ಡಾಡುತ್ತಿದ್ದವು. ಶಾಂತವ್ವ ಸೈಕಲ್ಲಿಗೆ ಸ್ಟ್ಯಾಂಡ್ ಕೂಡ ಹಾಕಲಿಲ್ಲ, ಕೈಬಿಟ್ಟು ಸೀದಾ ನೀರಿಗೆ ಹೋದಳು. ಎಳ್ಳು ಹಚ್ಚಿಕೊಂಡಳು, ನನ್ನ ಮೊಣಕೈಗೂ ಹಚ್ಚಿದಳು. ಬಗ್ಗಿ ತಲೆಯ ಮೇಲೆ ನೀರು ಸುರಿದುಕೊಂಡಳು. ಎಡೆ ಬಿಟ್ಟಳು. ಆಮೇಲೆ ಉಂಡಳು. ಅವಳು ಹಾಗೆ ಉಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಒಂದು ವರ್ಷ ಮೇಲಿನ ಮನೆಯಲ್ಲಿದ್ದವಳು ಬರೀ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು ಎಂದು ಆಗ ಗೊತ್ತಾಯಿತು.

“ಈಗ ಒಪ್ತೀಯಾ, ನಮ್ಮೂರಲ್ಲಿ ಹೊಳೆ ಇದೆ ಅಂತ?” ಎಂದೆ.

“ಒಂದಲ್ರಿ, ಎರಡ ಅದಾವ,” ಎಂದಳು.

ವಾಪಸು ಬಂದದ್ದು ಟೊಮೆಟೊ ಸಾಗಿಸುವ ಟೆಂಪೊದಲ್ಲಿ, ಖಾಲಿ ಕ್ರೇಟುಗಳ ನಡುವೆ. ತೆರೆದ ಗಾಡಿಯಾದ್ದರಿಂದ ಅವಳಿಗೆ ವಾಂತಿ ಬರಲಿಲ್ಲ. ಮರುದಿನ ಮುಂಜಾನೆ ಗಣಪತಿ ಗುಡಿಗೆ ಬಲದಿಂದ ಒಂದು ಸುತ್ತು ಬಂದೆ. ಅರ್ಚಕರು ಘಂಟೆ ಬಾರಿಸಿದರು. ಮಂಗಳಾರತಿಯ ಹೊತ್ತೇ ಇರಬಹುದು, ನಾನು ನನಗೇ ಎಂದುಕೊಂಡೆ.

ಆಮೇಲೆ ಕೆಲವು ಹಬ್ಬಗಳಿಗೆ ಹಾಗೆಯೇ ಹೋಗಿಬಂದೆವು. ಗಂಡನಿಗೆ ಹೊಸಪೇಟೆಯ ಕಡೆ ಕೆಲಸ ಸಿಕ್ಕಿ ಅವಳು ಹೋದಳು. ಈಗ ಅವಳ ಮನೆಯ ಹತ್ತಿರವೇ ತುಂಗಭದ್ರೆ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಪ್ರತಿ ಭೋಗಿಯಂದು ಫೋನ್ ಮಾಡಿ ಕೇಳುತ್ತಾಳೆ, “ಹೊಳಿಗೆ ಹೋಗಿದ್ರೇನ್ರಿ ಅಕ್ಕಾರ?” ಪ್ರತಿ ವರ್ಷ ನಾನು ಮಂಡಿನೋವು, ಟ್ರಾಫಿಕ್ಕು, ಡಾಕ್ಟರು ಅಷ್ಟು ದೂರ ತುಳಿಯಬೇಡಿ ಎಂದದ್ದು, ಎಲ್ಲವನ್ನೂ ಹೇಳುತ್ತೇನೆ. ಮೂರೂ ನಿಜವೇ. ಆದರೂ ಫೋನ್ ಇಟ್ಟ ಮೇಲೆ ಆ ದಿನದ ಊಟ ರುಚಿಸುವುದಿಲ್ಲ.

ನೋಡಿ, ಮಾತಿನಲ್ಲಿ ಕಾಫಿ ಆರಿಹೋಯಿತು. ಲೋಟ ಒಳಗಿಟ್ಟೆ. ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ. ಸಜ್ಜೆ ರೊಟ್ಟಿ ನನ್ನ ಕೈಗೆ ಬರುವುದಿಲ್ಲ. ಅವರೆಕಾಳಿನ ಅಕ್ಕಿರೊಟ್ಟಿ ತಟ್ಟಿದೆ, ಮೇಲೆ ಎಳ್ಳು ಉದುರಿಸಿದೆ. ಎಲೆಯ ತುಂಡಿಗೆ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಎಳ್ಳುಬೆಲ್ಲ. ಸೈಕಲ್ಲಿನ ಬುಟ್ಟಿಯಲ್ಲಿಟ್ಟುಕೊಂಡು ಗೇಟು ತೆರೆದೆ. ಹಿಂದೆ ನೋಡಿದೆ. ಬಲಕ್ಕೆ ತಿರುಗಿದೆ.

ನಾಲ್ಕು ಮನೆ ದಾಟಿದರೆ ಕಾಲುವೆಯ ತಡೆಗೋಡೆ. ಅಲ್ಲಿ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡ ಹುಡುಗಿಯೊಬ್ಬಳು ಕ್ಯಾಬಿಗೆ ಕಾಯುತ್ತಿದ್ದಳು. ನಾನು ಗೋಡೆಯಾಚೆ ಕೈಚಾಚಿದ್ದೇ ತಡ, “ಆಂಟಿ, ಪ್ಲೀಸ್, ಅಲ್ಲಿ ಕಸ ಹಾಕ್ಬೇಡಿ,” ಎಂದಳು. ಒಳ್ಳೆಯ ಹುಡುಗಿ.

“ಕಸ ಅಲ್ಲಮ್ಮ, ಊಟ.”

“ಯಾರಿಗೆ?”

“ಹೊಳೆಗೆ.”

ಅವಳು ಗೋಡೆಯಿಂದ ಬಗ್ಗಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಬಗ್ಗಿ ನೋಡಿದಳು. “ಇದು ಹೊಳೇನಾ? ಹರೀತಿದೆ ಅಲ್ವಾ,” ಎಂದಳು. ಎಲೆ ಒಂದು ಸುತ್ತು ಸುತ್ತಿ ಸೇತುವೆಯ ಕೆಳಗೆ ಹೋಯಿತು, ಕುಂಬಳಗೋಡಿನ ಕಡೆಗೆ. ನಾನು ಕೈ ಮುಗಿದೆ. ವಾಸನೆ ಇತ್ತು, ಮೂಗು ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮನೆಗೆ ಬಂದು ತಟ್ಟೆ ಹಾಕಿಕೊಂಡು ಕೂರುವಷ್ಟರಲ್ಲಿ ಫೋನು.

“ಹೊಳಿಗೆ ಹೋಗಿದ್ರೇನ್ರಿ ಅಕ್ಕಾರ?”

“ಹೋಗಿದ್ದೆ ಕಣೇ.”

“ಖರೇನ? ಯಾವ ಹೊಳಿಗ್ರಿ?”

“ಗೇಟಿಂದ ಬಲಕ್ಕೆ.”

ಅವಳು ಮೆಲ್ಲಗೆ ಕೇಳಿದಳು, “ಉಂಡ್ಲೇನ್ರಿ ಅಕಿ?”

“ಉಂಡ್ಲು. ನಾನಿನ್ನೂ ಉಂಡಿಲ್ಲ, ಹೊಟ್ಟೆ ಹಸೀತಿದೆ. ಇಡು ಫೋನು,” ಎಂದು ರೊಟ್ಟಿ ಮುರಿದೆ.